ಹಾಳೆಯ ತಲೆಯ ಮೇಲಿನ ಎರಡು ಫ್ಲಾಟು

ಶಹರಬಾನುವಿಗೆ ಸಿಟ್ಟು ಬಂದರೆ ಮಾತು ಮೆತ್ತಗಾಗುತ್ತಿತ್ತು. ಕೂಗಾಡುವ, ಕೊಡಪಾನ ಬಡಿಯುವ ಹೆಂಗಸಲ್ಲ ಅವಳು. ಒಂದೊಂದೇ ಶಬ್ದ ಬಿಡಿಸಿ, ತೂಕ ಮಾಡಿ ಇಡುತ್ತಿದ್ದಳು. ಎದುರಿಗಿದ್ದವರು ಮೆಲ್ಲಗೆ ಚಪ್ಪಲಿ ಹುಡುಕಿಕೊಂಡು ಎದ್ದುಬಿಡುತ್ತಿದ್ದರು. ಶಹಾಬಾದದ ಸ್ಟೇಶನ್ನಿನ ಹಿಂದಿನ ಫರಸಿ ಕಲ್ಲಿನ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಅವಳನ್ನು ಕೆಣಕಿದವರು ಹೊರಗಿನವರಲ್ಲ, ಸ್ವಂತ ಅಪ್ಪ ಮತ್ತು ಅಣ್ಣ. ಅರವತ್ತೊಂಬತ್ತನೆಯ ಇಸವಿಯ ಆ ಸಿಟ್ಟು ಎರಡು ತಿಂಗಳು ಇಳಿಯಲಿಲ್ಲ. ಯಾಕೆ ಇಳಿಯಬೇಕಿತ್ತು, ನೀವೇ ಹೇಳಿ.

ಅಪ್ಪ ಬಂದೇಅಲಿ ಹೈದರಾಬಾದಿನಲ್ಲಿ ನಿಜಾಮರ ಫೌಜಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಆ ಕಾಲ ಮುಗಿದು ಫೌಜು ಚದುರಿದ ಮೇಲೆ ಒಂದು ಟ್ರಂಕು, ಒಂದು ಕ್ಲಾರಿನೆಟ್ಟು ಹಿಡಿದು ಊರಿಗೆ ಬಂದರು. ಹತ್ತು ಮಂದಿಯನ್ನು ಕೂಡಿಸಿ ಬ್ಯಾಂಡ್ ಪಾರ್ಟಿ ಕಟ್ಟಿದರು. ಇತ್ತ ಚಿತ್ತಾಪುರ, ಅತ್ತ ಸೇಡಂ, ದೂರದ ಸುಲೇಪೇಟದವರೆಗೂ ಮದುವೆಗೆ ಅವರ ಪಾರ್ಟಿಯೇ ಆಗಬೇಕು. ಉಳಿದ ಬ್ಯಾಂಡಿನವರೆಲ್ಲ ಕಿವಿಯಲ್ಲಿ ಕೇಳಿ ಬಾರಿಸುವವರು. ಬಂದೇಅಲಿಯವರ ಪಾರ್ಟಿಯಲ್ಲಿ ನಾಲ್ವರು ಹಾಳೆ ನೋಡಿ ಬಾರಿಸುತ್ತಿದ್ದರು. ಐದು ಗೆರೆ ಎಳೆದು, ಗೆರೆಯ ಮೇಲೆ ಒಂದು ಕರಿ ಚುಕ್ಕೆ, ಸಂದಿಯಲ್ಲಿ ಒಂದು ಚುಕ್ಕೆ ಎಂದು ಬರೆದ ಹಾಳೆ. ಮಂದಿಗೆ ಅದೊಂದು ದೊಡ್ಡ ಬೆರಗು. "ಇರಬಿ ಹರದಾಡಿದಂಗ ಅದ, ಅದ್ರಾಗ ಹಾಡು ಎಲ್ಲಿ ಕಾಣಸ್ತದರೀ ನಿಮಗ?" ಎಂದು ಬೀಗರು ಬಗ್ಗಿ ಬಗ್ಗಿ ನೋಡುತ್ತಿದ್ದರು.

ಆ ವಿದ್ಯೆಯನ್ನು ಮಗ ಖಾಜಾನಿಗೆ ಕಲಿಸಬೇಕು ಎಂಬುದು ಬಂದೇಅಲಿಯವರ ಆಸೆ. ಖಾಜಾನಿಗೆ ಕಿವಿ ಚೆನ್ನಾಗಿತ್ತು, ಹಿತ್ತಾಳೆಯ ಕಾರ್ನೆಟ್ಟು ಊದುವ ತುಟಿಯೂ ಚೆನ್ನಾಗಿತ್ತು, ಕೂರುವ ತಾಳ್ಮೆ ಮಾತ್ರ ಇರಲಿಲ್ಲ. ಅವನು ಬೇಡ ಅಂದು ಎದ್ದುಹೋದ ಪಾಠವನ್ನು ಪಕ್ಕದಲ್ಲಿ ಜೋಳ ಆರಿಸುತ್ತ ಕೂತ ತಂಗಿ ಕಲಿತುಬಿಟ್ಟಳು. ಬಂದೇಅಲಿ ಅವಳಿಗೆ ಹೇಳಿಕೊಟ್ಟ ರೀತಿಯೂ ಫೌಜಿನದೇ.

"ನೋಡು ಬೇಟಿ, ಈ ಸಣ್ಣ ಗುರ್ತು ಫ್ಲಾಟ್. ಇದು ಹತ್ತಿದ ಸ್ವರ ಅರ್ಧ ಮೆಟ್ಟಲ ಕೆಳಗ ಇಳೀತದ, ಕೋಮಲ ಆಗ್ತದ. ಹಾಳಿ ತಲಿಮ್ಯಾಲ ಫ್ಲಾಟ್ ಹಾಕಿದ್ರ ಅದು ಹುಕುಂ. ಹಾಳಿ ಮುಗಿಯೋ ತನಾ ನಡೀತದ. ನಡುವ ಯಾವುದರ ಒಂದು ಖಾನ್ಯಾಗ, ಅಂದ್ರ ಎರಡು ನಿಂತ ಗೀಟಿನ ಸಂದ್ಯಾಗ, ನ್ಯಾಚುರಲ್ ಗುರ್ತು ಹಾಕಿದ್ರ ಅದು ಒಂದು ದಿನದ ರಜಾ. ಆ ಖಾನಿ ಮಟ್ಟಿಗಿ ಸ್ವರ ಮ್ಯಾಲ ಏರ್ತದ. ನಿಂತ ಗೀಟು ದಾಟಿದಿ ಅಂದ್ರ ರಜಾ ಮುಗೀತು, ಮತ್ತ ಹುಕುಂ."

ಛಾಪಿಸಿದ ಪುಸ್ತಕದಲ್ಲಿ ಆ ಹುಕುಮು ಸಾಲು ಸಾಲಿಗೂ ಇರುತ್ತದೆ. ಬಂದೇಅಲಿಯವರ ರೂಢಿ ಬೇರೆ. ಹಾಳೆಯ ತಲೆಗೆ ಒಮ್ಮೆ ಹಾಕಿದರೆ ಸಾಕು, ಸಿಪಾಯಿ ಆದವನು ನೆನಪಿಟ್ಟುಕೊಳ್ಳಬೇಕು, ಸುಮ್ಮನೆ ಶಾಯಿ ದಂಡ ಮಾಡಬಾರದು. ಹಾಳೆ ಬದಲಾದರೆ ತಲೆ ನೋಡು. ತಲೆಯ ಮೇಲೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾಲ್ವರಿಗೂ ಅದನ್ನೇ ಬಾಯಿಪಾಠ ಮಾಡಿಸಿದ್ದರು. ಶಹರಬಾನುವೂ ಅದೇ ಪ್ರಕಾರ ಬರೆಯುತ್ತ ಬಂದಳು.

ಆಮೇಲೆ ಬಂದೇಅಲಿಯವರ ಕಣ್ಣಿಗೆ ಪೊರೆ ಬಂತು. ಅರವತ್ತನೆಯ ಇಸವಿಯ ಹೊತ್ತಿಗೆ ಪೂರಾ ಮಂಕು. ಅಲ್ಲಿಂದ ಮುಂದೆ ಪಾರ್ಟಿಯ ಒಂದೊಂದು ಹಾಳೆಯನ್ನೂ ಬರೆದವಳು ಇವಳೇ. ಓಣಿಯಲ್ಲೇ ಎದುರು ಮನೆಯ ಅಲ್ಲಾವುದ್ದೀನನನ್ನು ಮದುವೆಯಾಗಿದ್ದಳು. ಅವನು ರಾವೂರಿನ ಖಣಿಯಲ್ಲಿ ಫರಸಿ ಒಡೆಯಲು ಹೋದ ಮೇಲೆ, ರೊಟ್ಟಿ ಬಡಿದಿಟ್ಟು, ತವರಿನ ಕಿಟಕಿಯ ಬೆಳಕಿಗೆ ಕೂತು ಬರೆಯುತ್ತಿದ್ದಳು. ಒಂಬತ್ತು ವರ್ಷ. "ಇಷ್ಟು ಚಂದ ಯಾರು ಬರೀತಾರ್ರೀ?" ಎಂದು ಯಾರಾದರೂ ಕೇಳಿದರೆ ಖಾಜಾ ಮೀಸೆ ತಿರುವಿ "ನಾವs ಬರೀತೀವ್ರಿ" ಅನ್ನುತ್ತಿದ್ದ. ನಾವಂತೆ ನಾವು! ಗೆರೆ ಯಾವುದು, ಸಂದಿ ಯಾವುದು ಎಂದು ತಿಳಿಯದ ಪುಣ್ಯಾತ್ಮ. ಹೊಸ ಧಾಟಿ ಬಂದರೆ ತಂಗಿಯ ಮುಂದೆ ಕೂತು, ಅವಳು ಹಾಳೆ ನೋಡಿ ಗುನುಗಿದ್ದನ್ನು ಕೇಳಿ ಕೇಳಿ ಕಾರ್ನೆಟ್ಟಿಗೆ ಏರಿಸಿಕೊಳ್ಳುತ್ತಿದ್ದ. ಆದರೂ ಮಾಸ್ತರ ಅವನೇ. ಶಹರಬಾನುವಿಗೆ ಇದು ಒಳಗೊಳಗೇ ಉರಿಯುತ್ತಿತ್ತು. ಅಬ್ಬಾನಿಗೆ ಗೊತ್ತಿದೆಯಲ್ಲ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಆ ವರ್ಷ ವಾಡಿ ಜಂಕ್ಷನ್ನಿನ ಅಲ್ಫಾನ್ಸ್ ಸಾಹೇಬರು ನಿವೃತ್ತರಾದರು. ಇಂಜಿನ್ ಡ್ರೈವರು, ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ಪೇಟಿ ನುಡಿಸುವವರು. ಅವರ ತಂದೆ ಎಂದೋ ಬರೆದಿಟ್ಟ ಒಂದು ಮಾರ್ಚು ಮನೆಯ ಪೆಟ್ಟಿಗೆಯಲ್ಲಿ ಬಿದ್ದಿತ್ತು. ತಮ್ಮ ಬೀಳ್ಕೊಡುಗೆಯ ದಿನ ಅದನ್ನು ಬ್ಯಾಂಡಿನವರು ಬಾರಿಸಬೇಕು ಎಂಬ ಒಂದೇ ಬಯಕೆ ಸಾಹೇಬರದು. ಖಾಜಾನನ್ನು ಕರೆಸಿ ಹಾಳೆ ಕೈಗಿಟ್ಟರು. "ಬಾರಸ್ತೀವಿ ತಗೋರಿ ಸಾಹೇಬ್ರ, ಅದೇನು ದೊಡ್ಡ ಮಾತು" ಅಂದು ಖಾಜಾ ಅದನ್ನು ತಂದು ತಂಗಿಯ ಮುಂದೆ ಒಗೆದ.

ದೊಡ್ಡ ಮಾತೇ ಆಗಿತ್ತು. ಅದು ಪೇಟಿಗೆ ಬರೆದ ಹಾಳೆ, ತಲೆಯ ಮೇಲೆ ನಾಲ್ಕು ಫ್ಲಾಟು. ಬ್ಯಾಂಡಿನ ವಾದ್ಯಗಳೋ ಒಂದೊಂದು ಒಂದೊಂದು ಎತ್ತರದಲ್ಲಿ ನಿಲ್ಲುವಂಥವು. ಕ್ಲಾರಿನೆಟ್ಟಿಗೂ ಕಾರ್ನೆಟ್ಟಿಗೂ ಎಲ್ಲ ಸ್ವರ ಒಂದು ಮೆಟ್ಟಿಲು ಏರಿಸಿ ಬರೆಯಬೇಕು, ಆಗ ನಾಲ್ಕು ಫ್ಲಾಟು ಎರಡಾಗುತ್ತವೆ. ಸಣ್ಣ ಹಾರ್ನಿಗೆ ಬಂದರೆ ಒಂದೇ. ದಪ್ಪ ದನಿಯ ಕೊಳವೆಗಳಿಗೆ ನಾಲ್ಕು ನಾಲ್ಕಾಗಿಯೇ ಉಳಿಯುತ್ತವೆ. ಒಂದು ಕಡೆ ಎಣಿಕೆ ತಪ್ಪಿದರೆ ಇಡೀ ಬ್ಯಾಂಡು ಹಳ್ಳ ಹಿಡಿಯುತ್ತದೆ. ಅಲ್ಲಿಯವರೆಗೆ ಈ ಏರಿಸುವ ಇಳಿಸುವ ಲೆಕ್ಕವನ್ನು ಅಬ್ಬಾ ಬಾಯಲ್ಲಿ ಹೇಳುತ್ತಿದ್ದರು, ಇವಳು ಬರೆಯುತ್ತಿದ್ದಳು. ಈ ಸಲ "ನೀನs ಮಾಡು, ನೋಡೋಣು" ಅಂದುಬಿಟ್ಟರು.

ಹದಿನೆಂಟು ದಿನ ಕೂತಳು. ಬೇರೆ ಧಾಟಿಗಳು ಅರ್ಧ ಹಾಳೆಗೆ ಮುಗಿಯುತ್ತಿದ್ದವು, ಇದು ಒಂದು ಹಾಳೆ ಭರ್ತಿ ಹಿಡಿಯಿತು. ಕೆಳಗಿನ ಅರ್ಧದಲ್ಲಿ ಒಂದು ಜಾಗ ಇತ್ತು, ಕ್ಲಾರಿನೆಟ್ಟಿನ ಎರಡು ಫ್ಲಾಟುಗಳಲ್ಲಿ ಒಂದಕ್ಕೆ ಒಂದೇ ಖಾನೆಯ ರಜೆ ಕೊಟ್ಟು, ಮರುಖಾನೆಯಲ್ಲಿ ಮತ್ತೆ ಕೆಳಗಿಳಿಸುವ ಜಾಗ. ಅಲ್ಲಿ ಧಾಟಿ ಒಂದು ಕ್ಷಣ ತಲೆ ಎತ್ತಿ ನೋಡಿ ಮತ್ತೆ ಬಗ್ಗಿದ ಹಾಗೆ ಕೇಳುತ್ತಿತ್ತು. ಬರೆದು ಮುಗಿದ ದಿನ ಅಪ್ಪನ ಮುಂದೆ ಕೂತು ತುದಿಯಿಂದ ತುದಿಯವರೆಗೆ ಗುನುಗಿದಳು. ಬಂದೇಅಲಿ ಆ ನ್ಯಾಚುರಲ್ಲಿನ ಹತ್ತಿರ ಕೈ ಎತ್ತಿದರು. "ಶಾಬಾಸ್ ಬೇಟಿ. ನನಗೂ ಇಷ್ಟು ಸಾಫ ಬರ್ತಿದ್ದಿಲ್ಲ." ಅಂಥ ಮಾತು ಆ ಬಾಯಿಂದ ಅದೇ ಮೊದಲು. ಶಹರಬಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ ಅನ್ನಿ.

ಬೀಳ್ಕೊಡುಗೆ ವಾಡಿಯ ರೇಲ್ವೆ ಮಂದಿಯ ಕ್ಲಬ್ಬಿನ ಅಂಗಳದಲ್ಲಿ, ಮಧ್ಯಾಹ್ನ ಮೂರಕ್ಕೆ. ಅಲ್ಲಿ ನಡೆದದ್ದನ್ನು ಅವಳಿಗೆ ಆಮೇಲೆ ಬಿಡಿಸಿ ಹೇಳಿದವನು ಮಶಾಕ, ಎರಡನೆಯ ಕ್ಲಾರಿನೆಟ್ಟಿನವನು. ಮಾರ್ಚಿನ ಮೊದಲರ್ಧ ಹೂವಿನ ಹಾಗೆ ನಡೆಯಿತಂತೆ. ಸಾಹೇಬರು ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರಂತೆ. ಅರ್ಧ ದಾಟಿತೋ ಇಲ್ಲವೋ, ಎರಡು ಕ್ಲಾರಿನೆಟ್ಟು ಒಂದು ದಿಕ್ಕು, ಹಾರ್ನು ಇನ್ನೊಂದು ದಿಕ್ಕು. ಕೇಳಿ ಕಲಿತಿದ್ದ ಖಾಜಾನ ಕಾರ್ನೆಟ್ಟು ಮಾತ್ರ ಸರಿದಾರಿಯಲ್ಲಿ, ಒಂಟಿಯಾಗಿ. ನಾಯಿಗಳೂ ಎದ್ದು ಹೋದುವಂತೆ. ಸಾಹೇಬರು ಕೈ ಅಡ್ಡ ಹಿಡಿದು ನಿಲ್ಲಿಸಿ, ಮಶಾಕನ ವಾದ್ಯದ ಕ್ಲಿಪ್ಪಿಗೆ ಸಿಕ್ಕಿಸಿದ್ದ ಹಾಳೆಯ ಚೀಟಿ ಕಿತ್ತುಕೊಂಡು ನೋಡಿ, "ಫ್ಲಾಟೇ ಇಲ್ಲ ಇದರಲ್ಲಿ! ಯಾರಪ್ಪಾ ಇದನ್ನು ಬರೆದವರು?" ಎಂದು ಕೇಳಿದರು. ಒಂಬತ್ತು ವರ್ಷ "ನಾವs ಬರೀತೀವಿ" ಅನ್ನುತ್ತ ಬಂದ ಖಾಜಾ ಆ ಹೊತ್ತಿಗೆ ಸರಿಯಾಗಿ ಸತ್ಯವಂತನಾದ. "ನಮ್ಮ ತಂಗಿ ಬರದಾಳ್ರಿ ಸಾಹೇಬ್ರ, ಹೆಣ್ಮಗಳು. ತಪ್ಪು ಮಾಡ್ಯಾಳ." ಅಂಗಳವೆಲ್ಲ ನಕ್ಕಿತು.

ಸಂಜೆ ಮನೆಗೆ ಬಂದವನೇ ರಟ್ಟಿನ ಚೀಟಿಗಳನ್ನು ಅವಳ ಮುಂದೆ ಚೆಲ್ಲಿದ. "ನಾಲ್ಕು ಮಂದ್ಯಾಗ ನಮ್ಮ ಮಾನ ಕಳದಿ ನೋಡು! ಏನು ಬರದಿ ಇದು? ಫ್ಲಾಟ್ ಎಲ್ಲವ?"

ಶಹರಬಾನು ಚೀಟಿ ಎತ್ತಿಕೊಂಡಳು. ಅವಳ ಹದಿನೆಂಟು ದಿನದ ಹಾಳೆ ನಡುವೆ ಎರಡಾಗಿ ಕತ್ತರಿಸಿಹೋಗಿತ್ತು. ಮೇಲಿನ ಅರ್ಧ ಒಂದು ರಟ್ಟಿಗೆ, ಕೆಳಗಿನ ಅರ್ಧ ಇನ್ನೊಂದು ರಟ್ಟಿಗೆ. ಹುಕುಮೆಲ್ಲ ಮೇಲಿನ ರಟ್ಟಿನ ತಲೆಯ ಮೇಲೆ ಕೂತಿತ್ತು, ಕೆಳಗಿನ ರಟ್ಟಿನ ತಲೆ ಬೋಳು. ಹಾಳೆ ಬದಲಾದರೆ ತಲೆ ನೋಡು ಎಂದು ಕಲಿತ ಮಂದಿ, ತಾಲೀಮಿಗೂ ಹೊತ್ತು ಸಿಗದೆ, ತಲೆ ನೋಡಿದ್ದಾರೆ, ಏನೂ ಇಲ್ಲ, ಏನೂ ಇಲ್ಲದ ಹಾಗೆ ಊದಿದ್ದಾರೆ. ಅವರದೇನು ತಪ್ಪು?

"ಇದನ್ನ ಕತ್ತರಿಸಿದೋರು ಯಾರು?"

"ಯಾರು ಕತ್ತರಿಸಿದ್ರ ಏನು? ಅಷ್ಟುದ್ದ ಹಾಳಿ ಕ್ಲಿಪ್ಪಿನಾಗ ನಿಲ್ಲಲ್ಲ, ಗಾಳಿಗಿ ಹಾರ್ತದ. ಕತ್ತರಿಸಿ ರಟ್ಟಿಗಿ ಹಚ್ಚೀನಿ. ಅಬ್ಬಾಗ ಕೇಳೇ ಹಚ್ಚೀನಿ."

ಅವಳು ಅಪ್ಪನ ಕಡೆ ತಿರುಗಿದಳು. ಕಣ್ಣಿಲ್ಲದ ಮನುಷ್ಯ ಮುಖ ಬೇರೆ ಕಡೆ ಮಾಡುವುದನ್ನು ಅಂದು ನೋಡಿದಳು.

"ಅಬ್ಬಾ, ಕತ್ತರಿಸು ಅಂದ್ರೇನು ನೀವು?"

"ಅಂದೆ. ಫ್ಲಾಟಿನ ಖಬರು ಆವಾಗ ಇರಲಿಲ್ಲ. ಆಮ್ಯಾಲ ನೆನಪಾತು, ಅಷ್ಟೊತ್ತಿಗಿ ಇವರು ಗಾಡಿ ಹತ್ತಿದ್ರು." ಬಂದೇಅಲಿ ಗಂಟಲು ಸರಿಮಾಡಿಕೊಂಡರು. "ಆಗಿದ್ದು ಆಗಿ ಹೋತು ಬಾನು. ಖಾಜಾ ಮಾಸ್ತರ ಇದ್ದಾನ. ಮಾಸ್ತರಂದೇ ತಪ್ಪು ಅಂದ್ರ ನಾಳಿ ನಮ್ಮ ಪಾರ್ಟಿಗಿ ಯಾರು ಕರೀತಾರ? ನೀ ಮನ್ಯಾಗ ಇರಾಕಿ. ನಿನ್ನ ಹೆಸರು ಹೋದ್ರ ಏನು ಹೋತು?"

ಒದ್ದರೂ ಇಷ್ಟು ನೋಯುತ್ತಿರಲಿಲ್ಲ. ಶಾಬಾಸ್ ಅಂದ ಬಾಯಿ ಅದೇ. ತಪ್ಪು ಯಾರದು ಎಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ.

"ಹೋಗಾಕ ಅದು ಮೊದಲು ಎಲ್ಲಿತ್ರಿ ಅಬ್ಬಾ?" ಅಂದಳು. ಚೀಟಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಎದುರು ಮನೆಗೆ ನಡೆದಳು.

ಅಲ್ಫಾನ್ಸ್ ಸಾಹೇಬರು ಮೂರನೆಯ ದಿನ ಬೆಳಿಗ್ಗೆ ಮದ್ರಾಸಿನ ಗಾಡಿ ಹತ್ತಿ ಊರು ಬಿಡುವವರಿದ್ದರು. ಹೋದರೆ ಹೋದರು, ಆ ಮಾತು ವಾಡಿಯಲ್ಲಿ ಹಾಗೇ ಉಳಿದುಬಿಡುತ್ತದೆ. ಶಹರಬಾನು ಬುರ್ಖಾ ಹಾಕಿಕೊಂಡು, ಮಶಾಕನ ಎರಡು ರಟ್ಟು ಬಗಲಲ್ಲಿಟ್ಟುಕೊಂಡು ಹೊರಟಳು. ಬೇಡವೆಂದರೂ ನಿಲ್ಲುವವಳಲ್ಲ ಎಂದು ಅಲ್ಲಾವುದ್ದೀನನಿಗೆ ಗೊತ್ತಿತ್ತು. "ಟಿಕೀಟ್ ತಗೊಂಡು ಹತ್ತು ಮತ್ತ. ಸಿಟ್ಟಿನ್ಯಾಗ ಹಂಗs ಹತ್ತಿಗಿತ್ತೀ" ಅಂದ. ಒಳ್ಳೆಯ ಮನುಷ್ಯ.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಸಾಹೇಬರ ಸುತ್ತ ಮಂದಿ ಗಿಜಿಗುಡುತ್ತಿತ್ತು. ಮೊನ್ನೆ ಅಂಗಳದಲ್ಲಿ ನಕ್ಕ ಮಂದಿಯೇ ಇಂದು ಹಾರ ಹಿಡಿದು ನಿಂತಿದ್ದರು. ಅವಳು ಸೀದಾ ನಡುವೆ ಹೋಗಿ ನಿಂತಳು.

"ಸಾಹೇಬ್ರ, ನಿಮ್ಮ ಮಾರ್ಚ್ ಬರದಾಕಿ ನಾನು."

ಸಾಹೇಬರು ಪಾಪ ಒಳ್ಳೆಯ ಮನಸ್ಸಿನಿಂದಲೇ ಅಂದರು: "ಇರಲಿ ಬಿಡಮ್ಮಾ, ನಾನು ಮರೆತುಬಿಟ್ಟೆ. ಹೆಣ್ಮಗಳಾಗಿ ಅಷ್ಟು ಬರೆದಿದ್ದೇ ದೊಡ್ಡದು."

ಆ ಮಾತಿಗೆ ಅವಳ ಮೈಯೆಲ್ಲ ಕಾದುಹೋಯಿತು. ತಪ್ಪು ಹೊರಿಸಿದ್ದನ್ನು ತಡೆದುಕೊಳ್ಳಬಹುದಿತ್ತು. ಮಾಡದ ತಪ್ಪಿಗೆ ಮಾಫಿ ಕೊಟ್ಟರೆ ಹೇಗೆ ತಡೆಯುವುದು? "ಮಾಫಿ ಕೇಳಾಕ ಬಂದಿಲ್ರಿ ನಾ. ಚಸ್ಮಾ ಹಾಕ್ಕೋರಿ." ಕೆಳಗಿನ ರಟ್ಟನ್ನು ಅವರ ಮುಂದೆ ಹಿಡಿದಳು. "ಫ್ಲಾಟ್ ಇಲ್ಲ ಅಂದ್ರೆಲ್ಲ ಇದ್ರಾಗ? ಈ ಖಾನ್ಯಾಗ ನ್ಯಾಚುರಲ್ ಅದ, ನೋಡ್ರಿ. ಫ್ಲಾಟ್ ಇಲ್ಲದ ಸ್ವರಕ್ಕ ನ್ಯಾಚುರಲ್ ಹಾಕೋರು ಯಾರ್ರಿ? ಹುಕುಮೇ ಇಲ್ಲ ಅಂದ ಮ್ಯಾಲ ರಜಾ ಎದಕ್ಕ? ನಾ ಏನು ಹುಚ್ಚಿ ಏನ್ರಿ?"

ಸಾಹೇಬರು ರಟ್ಟನ್ನು ಕಣ್ಣಿನ ಹತ್ತಿರ ಒಯ್ದರು. ಅವಳು ಮೇಲಿನ ರಟ್ಟನ್ನು ತೆಗೆದು ಕತ್ತರಿಯ ಅಂಚಿಗೆ ಅಂಚು ಕೂಡಿಸಿದಳು. ಎರಡು ಫ್ಲಾಟು ತಲೆಯ ಮೇಲೆ ಕೂತಿದ್ದವು. ಸಾಹೇಬರು ಕೆಳಗಿನ ಅರ್ಧವನ್ನು ಸಣ್ಣ ದನಿಯಲ್ಲಿ ಗುನುಗತೊಡಗಿದರು. ಆ ಒಂದು ಖಾನೆಗೆ ಬಂದು, ತಲೆ ಎತ್ತಿ, ಮತ್ತೆ ಬಗ್ಗಿ, ಅಲ್ಲೇ ನಿಂತುಬಿಟ್ಟರು. ಚಸ್ಮಾ ತೆಗೆದು ಒರೆಸಿಕೊಂಡರು.

"ನಮ್ಮಪ್ಪ ಹೀಗೇ ನುಡಿಸ್ತಿದ್ರು" ಅಂದರು. "ತಪ್ಪಿಲ್ಲಮ್ಮಾ. ಒಂದು ಚುಕ್ಕೆಯೂ ತಪ್ಪಿಲ್ಲ. ಖಾಜಾಗೆ ಕಾಗದ ಬರೆದು ಹೇಳ್ತೀನಿ."

"ಖಾಜಾಗ ಗೊತ್ತದರಿ. ಗೊತ್ತಿಲ್ದೋರಿಗಿ ಹೇಳ್ರಿ. ಅವತ್ತು ಮಂದಿ ಮುಂದ ಅಂದ್ರಿ, ಇವತ್ತೂ ಮಂದಿ ಮುಂದs ಅನ್ರಿ."

ಗಾರ್ಡು ಸೀಟಿ ಊದಿದ. ಸಾಹೇಬರು ಗಾಡಿ ಹತ್ತಿ ಬಾಗಿಲಲ್ಲಿ ನಿಂತು, ಮೂವತ್ತು ವರ್ಷ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ರೂಢಿಯಾದ ಗಂಟಲಲ್ಲಿ ಕೂಗಿದರು: "ಕೇಳ್ರಪ್ಪಾ! ಮೊನ್ನೆ ಹಾಳಾದದ್ದು ಬರೆದವರಿಂದಲ್ಲ, ಕತ್ತರಿಸಿದವರಿಂದ. ಸರಿಯಾಗಿ ನೋಡದೆ ಅಂದದ್ದು ನನ್ನ ತಪ್ಪು. ಬರೆದ ಹೆಣ್ಮಗಳ ಹೆಸರು... ಏನಮ್ಮಾ ನಿನ್ನ ಹೆಸರು?"

ಹೆಸರೂ ಗೊತ್ತಿರಲಿಲ್ಲ ಅವರಿಗೆ. ಖಾಜಾ ತಪ್ಪು ಹೊರಿಸುವಾಗಲೂ ಹೆಸರು ಹೇಳಿರಲಿಲ್ಲ, ಬರೀ 'ತಂಗಿ' ಅಂದಿದ್ದ.

"ಶಹರಬಾನು" ಅಂದಳು, ಎಲ್ಲರಿಗೂ ಕೇಳುವಂತೆ.

ಅವಳು ಮನೆ ಮುಟ್ಟುವುದಕ್ಕಿಂತ ಮೊದಲು ಸುದ್ದಿ ಮುಟ್ಟಿತ್ತು. ಖಾಜಾ ಮುಖ ತಿರುಗಿಸಿ ಕೂತಿದ್ದ. ಬಂದೇಅಲಿ ಅವಳ ಹೆಜ್ಜೆಯ ಸದ್ದಿಗೇ ಸಿಡಿದರು. "ಮನಿ ಮಾತು ಪ್ಲಾಟ್‌ಫಾರ್ಮಿಗಿ ಒಯ್ದೆಲ್ಲ! ನಾಚಿಕಿ ಆಗಲಿಲ್ಲ?"

"ನೀವು ಮೊದಲು ಒಯ್ದ್ರಿ ಅಬ್ಬಾ. ನಾ ಹೋಗಿ ತಿರುಗಿ ತಂದೆ, ಅಷ್ಟs."

ಅಂದಿನಿಂದ ಬರೆಯುವುದನ್ನು ಬಿಟ್ಟಳು. ಮದುವೆಯ ಸುಗ್ಗಿ ಹತ್ತಿರ ಬಂತು. ಹೊಸ ಹೊಸ ಸಿನೆಮಾ ಧಾಟಿ ಕೇಳುವ ಮಂದಿ, ಹಳೆಯ ಹಾಳೆಯನ್ನೇ ತಿರುವುವ ಪಾರ್ಟಿ. ಚಿತ್ತಾಪುರದ ಒಂದು ಮನೆಯವರು ಬೇರೆ ಬ್ಯಾಂಡು ಹಿಡಿದರು. ಖಾಜಾ ಮಶಾಕನ ಕೈಯಲ್ಲಿ ಬರೆದುಕೊಡಲೆಂದು ಕೋರಾ ಹಾಳೆ ಕಳಿಸಿದ, ಅವು ಹಾಗೇ ವಾಪಸು ಹೋದವು. ಅತ್ತಿಗೆಯ ಕೈಯಲ್ಲಿ ಶೀರಕುರ್ಮಾ ಕಳಿಸಿದ. ಅದನ್ನು ಉಂಡಳು, ಹಾಳೆ ಮುಟ್ಟಲಿಲ್ಲ. ಕಡೆಗೆ ಒಂದು ಮಧ್ಯಾಹ್ನ ತಾನೇ ಬಂದು ಹೊಸ್ತಿಲಾಚೆ ನಿಂತು, "ತಪ್ಪಾತು ಬಾನು, ಬರದು ಕೊಡು" ಅಂದ. ದನಿ ಓಣಿಗೆ ಕೇಳದ ಹಾಗೆ ಎಚ್ಚರ ವಹಿಸಿ ಅಂದ. ಅದನ್ನೂ ಅವಳು ಗಮನಿಸಿದಳು. ಹಾಳೆ ತೆಗೆದುಕೊಂಡಳು.

ವಾರದ ಮೇಲೆ ಇಪ್ಪತ್ತು ಹಾಳೆ ಕಟ್ಟಿಕೊಂಡು ತವರಿಗೆ ಹೋಗಿ ಖಾಜಾನ ಮುಂದಿಟ್ಟಳು. ಬಂದೇಅಲಿ ಗೋಡೆಗೆ ಒರಗಿ ಕೂತಿದ್ದರು. ಈ ಸಲ ಸಾಲು ಸಾಲಿನ ತಲೆಗೂ ಫ್ಲಾಟು ಹಾಕಿದ್ದಳು, ಶಾಯಿ ದಂಡವಾದರೆ ಆಗಲಿ ಎಂದು. ಅಷ್ಟೇ ಅಲ್ಲ. ಒಂದೊಂದು ಹಾಳೆಯ ನಟ್ಟನಡುವೆ, ಕತ್ತರಿ ಹಾಯುವ ಜಾಗದಲ್ಲೇ, ಈ ಅಂಚಿನಿಂದ ಆ ಅಂಚಿನವರೆಗೆ ದಪ್ಪ ಕನ್ನಡ ಅಕ್ಷರದಲ್ಲಿ ಏನೋ ಬರೆದಿದ್ದಳು. ಖಾಜಾನಿಗೆ ಐದು ಗೆರೆ ಬರುತ್ತಿರಲಿಲ್ಲವೇ ಹೊರತು ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಮುಖ ಕಪ್ಪಿಟ್ಟಿತು. "ನಡುವ ಇದೇನು ಬರದಿ?" ಅಂದ.

"ನಡುವ ಏನು ಬರದಾಳ?" ಎಂದರು ಬಂದೇಅಲಿ.

"ಏನಿಲ್ಲಬ್ಬಾ."

"ಅಬ್ಬಾಗ ಕಾಣಂಗಿಲ್ಲ ಭಾಯಿ" ಅಂದಳು ಶಹರಬಾನು. "ಓದಿ ಹೇಳು. ಇಲ್ಲಂದ್ರ ಹಾಳಿ ತಗೊಂಡು ಎದುರುಮನಿಗಿ ಹೋಗ್ತೀನಿ."

ಖಾಜಾ ಮೊದಲ ಹಾಳೆ ಎತ್ತಿದ. "ಶಹರಬಾನು."

"ಮುಂದಿಂದು."

"ಶಹರಬಾನು."

ಬಂದೇಅಲಿಯವರ ಜಪಮಣಿ ಹಿಡಿದ ಕೈ ನಿಂತಿತ್ತು. ಮೂರನೆಯ ಹಾಳೆ, ನಾಲ್ಕನೆಯ ಹಾಳೆ. ಎಂಟನೆಯದಕ್ಕೆ ಖಾಜಾನ ದನಿ ಗೊಣಗಾಯಿತು. "ಎಲ್ಲಾ ಅದೇ ಅದ ಬಾನು, ಸಾಕು ಮಾಡು."

"ಇನ್ನಾ ಹನ್ನೆರಡು ಅವ. ಜೋರಾಗಿ ಓದು, ಅಬ್ಬಾಗ ಕೇಳ್ಸಲಿಲ್ಲ."

ಬಂದೇಅಲಿಯವರ ಕಿವಿಗೆ ಏನೂ ಆಗಿರಲಿಲ್ಲ. ಖಾಜಾ ಒಂಬತ್ತನೆಯ ಹಾಳೆ ಎತ್ತಿಕೊಂಡ.